ಬಾರದವರ ಬುಟ್ಟಿ

ಕಮತಗಿ
೨ ಜೂನ್ ೨೦೨೨

ತಮ್ಮ ಶ್ರೀಶೈಲನಿಗೆ ಸಿದ್ದಲಿಂಗಕ್ಕನ ಆಶೀರ್ವಾದ.

ಇಲ್ಲಿ ನಾನೂ ನನ್ನ ಮೊಣಕಾಲು ನೋವೂ ಆರಾಮಾಗಿದ್ದೇವೆ. ಮೊನ್ನೆ ನೀನು ಫೋನ್ ಮಾಡಿದಾಗ ಬಾಜೂ ಮನೆಯ ಲಗಮವ್ವ ಓಡಿ ಬಂದು ಅದನ್ನು ನನ್ನ ಕಿವಿಗೆ ಹಿಡಿದಳು. ಯಾರೋ ಹಂಡೆಯೊಳಗೆ ಕೂತು ಮಾತಾಡಿದ ಹಾಗಿತ್ತು. ನಾನು ಸುಮ್ಮನೆ ಹೂಂ ಹೂಂ ಅಂದೆ. ಯಾವುದಕ್ಕೆ ಅಂದೆನೋ ನನಗೇ ಗೊತ್ತಿಲ್ಲ. ಹೋದ ಕಿವಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಯಿತು. ಇನ್ನು ಮೇಲೆ ಏನಿದ್ದರೂ ಬರೆದು ಕಳಿಸು. ಮೂವತ್ತೈದು ವರ್ಷ ಸಾಲಿ ಮಕ್ಕಳ ಅಕ್ಷರ ತಿದ್ದಿದ ಕಣ್ಣು ಇನ್ನೂ ಗಟ್ಟಿಯಾಗಿವೆ.

ಬಾದಾಮಿಯಲ್ಲಿ ನಮ್ಮ ರಜೆಯ ಮನೆಯ ಮಾಳಿಗೆಯ ಮೇಲೆ ಮಳೆಗಾಲಕ್ಕೆ ಮೊದಲಿನ ಮಣ್ಣು ಹಾಕಿಸಿ ನಿನ್ನೆ ಬಂದೆ. ಮನೆ ನೋಡಿಕೊಳ್ಳುವ ಅಲ್ಲಾಸಾಬ ಪ್ರತಿ ವರ್ಷದಂತೆ ಬಿಳಿ ಸವಳು ಮಣ್ಣು ತರಿಸಿದ್ದ. ತಲೆಗೊಂದರಂತೆ ಇಪ್ಪತ್ತೊಂದು ಬುಟ್ಟಿಯಾಯಿತು. ಅಪ್ಪ, ಅವ್ವ, ನಮ್ಮ ಮನೆಯವರು, ನಿನ್ನ ಅಣ್ಣ ಕಲ್ಲೇಶ, ಹೀಗೆ ಹೋದವರ ಬುಟ್ಟಿ ಮೊದಲು. ಆಮೇಲೆ ಕಲ್ಲೇಶನ ಹೆಂಡತಿ ಸುನಂದಾ, ಅವಳ ಮಗ ಗೌತಮ, ಹೆಣ್ಣುಮಕ್ಕಳು, ಎಲ್ಲರದು. ಅವರಿರುವ ಬಾಗಲಕೋಟೆಯ ವಿದ್ಯಾಗಿರಿಯಿಂದ ಬಾದಾಮಿ ಎಷ್ಟು ದೂರ ನೀನೇ ಹೇಳು, ಆದರೂ ಅವರಿಗೆ ಪುರಸೊತ್ತಾಗಲಿಲ್ಲವಂತೆ. ನಿನ್ನ ಕಡೆಯವರ ಬುಟ್ಟಿ ನೀನು ಬರೆದಂತೆ ಒಂದೊಂದೇ ಹೆಸರು ಹೇಳಿ ಹಾಕಿದೆ. ನಿನ್ನ ಮಗಳು ಪ್ರಿಯದರ್ಶಿನಿಯದು ತುಸು ಹೆಚ್ಚೇ ಹಾಕಿದೆ. ಸಣ್ಣವಳಿದ್ದಾಗ ಬೇರೆಯವರ ಬುಟ್ಟಿಯಿಂದ ಮಣ್ಣು ಕದ್ದು ತನ್ನದನ್ನು ತುಂಬಿಕೊಳ್ಳುತ್ತಿದ್ದವಳು ಅವಳೇ ಅಲ್ಲವೇ.

ಅಲ್ಲಾಸಾಬನಿಗೆ ವಯಸ್ಸಾಯಿತು, ಗೊಣಗುವುದು ಹೆಚ್ಚಾಗಿದೆ. "ಹಾಕಿದ್ರ ಮುಗೀತೇನ್ರಿ ಅವ್ವಾರ, ತುಳಿಯಾಕ ಮಂದಿ ಬೇಕಲ್ರಿ" ಅಂದ. ಅವನ ಬಾಯಿ ನೋಡಿದರೆ ಮಾತು ತಿಳಿಯುತ್ತದೆ ನನಗೆ. ಬರುವ ವರ್ಷ ಎಲ್ಲ ಬರುತ್ತಾರೆ ಎಂದು ಹೇಳಿ ಇಬ್ಬರೂ ಆದಷ್ಟು ತುಳಿದೆವು.

ಹೂಂ ಅಂದದ್ದು ಯಾವುದಕ್ಕೆ ಎಂದು ಬರೆ.

ನಿನ್ನ ಅಕ್ಕ


ನಾಗಪುರ
೧೯ ಜೂನ್ ೨೦೨೨

ಪ್ರೀತಿಯ ಅಕ್ಕ, ಶರಣು.

ನೀನು ಹೂಂ ಅಂದದ್ದು ಒಂದು ದೊಡ್ಡ ಕೆಲಸಕ್ಕೆ. ನಮ್ಮ ನಂತರವೂ ಬಾದಾಮಿ ಮನೆ ನಡೆಯಬೇಕಾದರೆ ಅದಕ್ಕೊಂದು ನಿಯಮಪತ್ರ ಬರೆದಿಡಬೇಕು, ಬರೆಯಲೇ ಎಂದು ಕೇಳಿದ್ದೆ. ನೀನು ಎರಡು ಸಲ ಹೂಂ ಅಂದೆ. ಈಗ ಹಿಂದೆ ಸರಿಯುವಂತಿಲ್ಲ. ಜನ್ಮವೆಲ್ಲ ರೈಲ್ವೆಯಲ್ಲಿ ವೇಳಾಪಟ್ಟಿ ಮಾಡಿದವನು ನಾನು. ಒಂದು ಮನೆಯ ರಜೆಗಳ ಪಟ್ಟಿ ಮಾಡಲಾರೆನೇ?

ಮೊದಲ ಪುಟ ಬರೆದಾಯಿತು. ಅದು ಮೊಮ್ಮಕ್ಕಳಿಗಾಗಿ. ಹಳೇ ಬಾಗಲಕೋಟೆಯ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಅಪ್ಪ ಬಾದಾಮಿಯಲ್ಲಿ ಮೂರು ಖೋಲಿ, ಒಂದು ಪಡಸಾಲೆಯ ಈ ಮನೆ ಕಟ್ಟಿಸಿದ್ದು. ದಿಕ್ಕಾಪಾಲಾದ ಮಕ್ಕಳು ರಜೆಗಾದರೂ ಒಂದು ಸೂರಿನ ಕೆಳಗೆ ಮಲಗಲಿ ಎಂದು. ಎಲ್ಲರೂ ಸ್ಲ್ಯಾಬ್ ಹಾಕಿಸಿ ಅಂದರೆ ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆದಿದ್ದೇನೆ: "ಸ್ಲ್ಯಾಬ್ ಹಾಕಿದ್ರ ಒಬ್ಬರೂ ಬರಾಂಗಿಲ್ಲ. ಮಣ್ಣಿನ ಮಾಳಿಗಿ ಇದ್ರ ಮಳಿಗಾಲಕ್ಕ ಮೊದಲು ವರ್ಷಕ್ಕೊಮ್ಮೆ ಬರಾಕಬೇಕು." ಹಸುಗೂಸಿನಿಂದ ಮುದುಕರ ತನಕ ತಲೆಗೊಂದು ಬುಟ್ಟಿ ಮಣ್ಣು, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಕೆಳಗಿಳಿಸಬಾರದು ಎಂಬ ಅವನ ಕಟ್ಟಳೆಯನ್ನೂ ಬರೆದೆ. ಕಾಗದಪತ್ರದಲ್ಲಿ ಮಕ್ಕಳು ಮೊಮ್ಮಕ್ಕಳು ಎಲ್ಲರ ಹೆಸರು ಹಾಕಿಸಿ ಅಪ್ಪ ಅಂದದ್ದು ನೆನಪಿದೆಯೇ? "ಮಾರಬೇಕಂದ್ರ ಎಲ್ಲಾರೂ ಕೂಡಬೇಕು. ಎಲ್ಲಾರೂ ಕೂಡಿದ ಮ್ಯಾಲ ಮಾರೋದ್ಯಾಕ?"

ನಿಯಮಗಳನ್ನೂ ಸೇರಿಸಿ ಮಕ್ಕಳಿಗೆಲ್ಲ ಕಳಿಸಿದ್ದೇನೆ, ನಿನಗೂ ಒಂದು ಪ್ರತಿ ಇಟ್ಟಿದ್ದೇನೆ. ಎಲ್ಲರಿಗೂ ಭಾರಿ ಹುರುಪು. ಗೌತಮನಂತೂ ತಕ್ಷಣ ಒಪ್ಪಿದ.

ನಿನ್ನ ತಮ್ಮ ಶ್ರೀಶೈಲ


ಕಮತಗಿ
೨೪ ಜುಲೈ ೨೦೨೨

ತಮ್ಮ ಶ್ರೀಶೈಲ,

ನಿನ್ನ ಹದಿನಾಲ್ಕು ನಿಯಮ ಓದಿದೆ. ಅಡುಗೆಮನೆಯನ್ನು ಸೊಸೆಯಂದಿರು ದಿನದಿನಕ್ಕೆ ಪಾಳಿಯ ಮೇಲೆ ನೋಡಿಕೊಳ್ಳತಕ್ಕದ್ದು ಎಂದು ಬರೆದಿದ್ದೀಯಲ್ಲ, ಅದನ್ನು ಮೊದಲು ಹೊಡೆದು ಹಾಕು. ಅದೊಂದು ಸಾಲಿಗೇ ಯಾರೂ ಬರಲಿಕ್ಕಿಲ್ಲ. ಅಳಿಯಂದಿರ ಹೆಸರೂ ಸೇರಿಸು, ರೊಟ್ಟಿ ಬಡಿಯಲು ಬಾರದಿದ್ದರೆ ಉಳ್ಳಾಗಡ್ಡಿಯಾದರೂ ಹೆಚ್ಚಲಿ. ಇನ್ನೊಂದು ಸೇರಿಸು. ಹೇಳದೆ ಕೇಳದೆ ಬಂದವರಿಗೆ ಒಂದು ಖೋಲಿ ಸದಾ ಖಾಲಿ ಇರಬೇಕು.

ಗೌತಮ ಒಪ್ಪಿದ ಎಂದು ಓದಿ ಜೀವ ತಣ್ಣಗಾಯಿತು. ಅವನು ಕಲ್ಲೇಶನ ಮಗನಾಗಿಯೂ ಆ ಮನೆಯ ಹೆಸರು ತೆಗೆಯುವುದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟಿತ್ತು.

ಮನೆ ಗಟ್ಟಿಯಾಗಿದೆ. ಅವ್ವನ ಕೌದಿಗಳನ್ನು ಮಾತ್ರ ಇಲ್ಲಿಗೆ ತಂದಿಟ್ಟುಕೊಂಡೆ. ಬಿಸಿಲಿಗೆ ಹಾಕುವವರು ಅಲ್ಲಿ ಯಾರಿದ್ದಾರೆ.

ಅಕ್ಕ


ನಾಗಪುರ
೮ ಮಾರ್ಚ್ ೨೦೨೩

ಅಕ್ಕ,

ಇಷ್ಟು ದಿನ ಬರೆಯಲಾಗಲಿಲ್ಲ. ಇಲ್ಲಿ ಮಂಗಳವಾರ, ಶುಕ್ರವಾರ ನನಗೊಂದು ಕೆಲಸ ಗಂಟುಬಿದ್ದಿದೆ. ಅಕ್ಷರ ಅಲುಗಿದ್ದರೆ ಪೆನ್ನಿನ ದೋಷ, ಸಾಲಿ ಮಾಸ್ತರಿಣಿಯ ಹಾಗೆ ಗೆರೆ ಎಳೆಯಬೇಡ.

ಹತ್ತು ವರ್ಷದ ಪಟ್ಟಿ ಸಿದ್ಧವಾಗಿದೆ, ಜೊತೆಗಿಟ್ಟಿದ್ದೇನೆ. ೨೦೩೩ರ ಮೇ ತಿಂಗಳಲ್ಲಿ ಯಾರು ಯಾವ ಖೋಲಿಯಲ್ಲಿ ಎಂಬುದೂ ಇದೆ. ಅವ್ವನ ಕೌದಿಯನ್ನು ನೀನು ಜೋಪಾನ ಮಾಡಿದ್ದು ಒಳ್ಳೆಯದಾಯಿತು, ಹುಡುಗರು ಬಂದಾಗ ಹಾಸಲು ಬೇಕಾಗುತ್ತದೆ.

ಈ ಮೇ ತಿಂಗಳು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ತಾಪತ್ರಯ. ಒಬ್ಬರಿಗೆ ಪರೀಕ್ಷೆ, ಒಬ್ಬರಿಗೆ ರಜೆಯಿಲ್ಲ. ಅದಕ್ಕೇ ಏಳನೆಯ ನಿಯಮ ಬಿಗಿ ಮಾಡಿದ್ದೇನೆ: ಬರಲಾಗದವರ ಬುಟ್ಟಿಯನ್ನು ಬಂದವರು ಹಾಕಬೇಕು, ಯಾರದೂ ತಪ್ಪಬಾರದು, ಹಳೆಯದನ್ನು ಯಾರೂ ತೆಗೆಯಬಾರದು. ಈ ವರ್ಷ ಇಬ್ಬರು ಹೆಚ್ಚು, ಇಪ್ಪತ್ತಮೂರು. ಹೆಸರುಗಳ ಚೀಟಿ ಇಟ್ಟಿದ್ದೇನೆ. ಅಷ್ಟು ನೀನು ನಡೆಸಿಕೊಡು.

ಶ್ರೀಶೈಲ


ಕಮತಗಿ
೩೦ ಮೇ ೨೦೨೩

ತಮ್ಮ ಶ್ರೀಶೈಲ,

ಇಪ್ಪತ್ತಮೂರೂ ಹಾಕಿದೆ. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದ್ದೆ, ಬೆವರಿಗೆ ಹೆಸರೆಲ್ಲ ಕದಡಿ ಹೋದವು. ಕೊನೆಗೆ ಬಾಯಿಪಾಠದಿಂದಲೇ ಕರೆದೆ. ಹೊಸ ಸೊಸೆಯ ಮುಖ ನಾನಿನ್ನೂ ನೋಡಿಲ್ಲ, ಆದರೂ ಅವಳ ಬುಟ್ಟಿ ಅವಳ ಗಂಡನದರ ಪಕ್ಕಕ್ಕೇ ಸುರಿದೆ.

ಅಲ್ಲಾಸಾಬ ಪ್ರತಿಯೊಂದಕ್ಕೂ ವಾದ ಮಾಡುತ್ತಾನೆ. ನಿನ್ನ ಏಳನೆಯ ನಿಯಮ ಓದಿ ಹೇಳಿದೆ, ಬುಟ್ಟಿ ಎತ್ತಿಕೊಟ್ಟ.

ಪಡಸಾಲೆಯಲ್ಲಿ ಒಬ್ಬಳೇ ಕೂತು ಬುತ್ತಿ ಉಂಡೆ. ಎಲ್ಲರೂ ಇದ್ದಾಗ ಆ ಪಡಸಾಲೆ ಸಾಲುತ್ತಿರಲಿಲ್ಲ. ನೀನು ಹೊಸ್ತಿಲ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಭಾಳ ಬೇಸರವಾಯಿತು, ಬರೆಯದೆ ಇರಲಾರೆ. ಮನೆಗೆ ಮಾತ್ರ ಏನೂ ಆಗಿಲ್ಲ.

ಅಕ್ಕ


ನಾಗಪುರ
೨೨ ಜನವರಿ ೨೦೨೪

ಅಕ್ಕ,

ನಮ್ಮ ಪ್ರಿಯದರ್ಶಿನಿಗೆ ಹೆಣ್ಣುಕೂಸು. ಮೂಗು ಅವ್ವನದೇ. ಇಪ್ಪತ್ತನಾಲ್ಕನೆಯ ಬುಟ್ಟಿ ಇವಳದು, ಮರೆಯಬೇಡ. ನಿಯಮಪತ್ರದಲ್ಲಿ ಇವಳಿಗೆ ೨೦೫೦ರ ತನಕ ಜಾಗ ಹಿಡಿದಿಟ್ಟಿದ್ದೇನೆ. ಹೆಚ್ಚು ಬರೆಯಲು ಕೈ ಬರುತ್ತಿಲ್ಲ, ಇಲ್ಲಿ ಭಾಳ ಚಳಿ.

ಶ್ರೀಶೈಲ


ಕಮತಗಿ
೩ ಜೂನ್ ೨೦೨೪

ತಮ್ಮ ಶ್ರೀಶೈಲ,

ಕೂಸಿನ ಬುಟ್ಟಿಗೆಂದು ಬಾದಾಮಿ ಸಂತೆಯಲ್ಲಿ ಒಂದು ಸಣ್ಣ ಬಿದಿರಿನ ಬುಟ್ಟಿಯನ್ನೇ ಕೊಂಡೆ. ಅಂಗೈಯಗಲ ಇದೆ. ಅದನ್ನು ತೊಳೆದು ಇಟ್ಟಿದ್ದೇನೆ, ಅವಳು ಬಂದಾಗ ಆಡಲಿ. ಇಪ್ಪತ್ತನಾಲ್ಕೂ ಆದವು. ಈ ಸಲ ನನಗೆ ಹೆಚ್ಚು ತುಳಿಯಲಾಗಲಿಲ್ಲ. ಅಲ್ಲಾಸಾಬನೂ ನಡುನಡುವೆ ಕೂತುಬಿಡುತ್ತಿದ್ದ.

ನೀನಾದರೂ ಒಮ್ಮೆ ಬಂದು ಹೋಗು. ನಿವೃತ್ತಿಯಾಗಿ ಮೂರು ವರ್ಷವಾಯಿತು. ಮಂಗಳವಾರ ಶುಕ್ರವಾರದ ಆ ಕೆಲಸವನ್ನು ಬೇರೆ ಯಾರಿಗಾದರೂ ವಹಿಸಲು ಬರುವುದಿಲ್ಲವೇ? ನಿನಗೆ ಊರು ಬೇಡವಾಗಿದೆ ಎಂದು ನನಗೆ ಅನಿಸತೊಡಗಿದೆ. ಅನಿಸಿದ್ದನ್ನು ಬರೆದಿದ್ದೇನೆ.

ಅಕ್ಕ


ಕಮತಗಿ
೧೨ ಅಕ್ಟೋಬರ್ ೨೦೨೪

ತಮ್ಮ ಶ್ರೀಶೈಲ,

ನಾಲ್ಕು ತಿಂಗಳಾಯಿತು, ನಿನ್ನ ಪತ್ರವಿಲ್ಲ. ನನ್ನ ಮಾತಿಗೆ ಸಿಟ್ಟಾದೆಯೇನು? ಈ ಸಲ ಮಳೆ ಚೆನ್ನಾಗಿ ಆಯಿತು. ಇಲ್ಲಿ ಎಲ್ಲ ಇದ್ದಂತೆ ಇದೆ.

ಅಕ್ಕ


ನಾಗಪುರ
೨೦ ಡಿಸೆಂಬರ್ ೨೦೨೪

ಅಕ್ಕ,

ನಿನ್ನ ಮೇಲೆ ನಾನು ಸಿಟ್ಟಾಗುವುದುಂಟೇ? ಒಳ್ಳೆಯ ಸುದ್ದಿ ಬರೆಯಬೇಕು ಎಂದು ಕಾಯುತ್ತಿದ್ದೆ. ಈಗ ಬರೆಯುತ್ತೇನೆ. ಬರುವ ಮೇ ಹನ್ನೊಂದು, ರವಿವಾರ, ಎಲ್ಲರೂ ಬಾದಾಮಿಗೆ ಬರುತ್ತಿದ್ದಾರೆ. ಎಲ್ಲರೂ. ಸುನಂದಾ ವೈನಿಯ ಕಡೆಯವರು, ನಮ್ಮವರು, ಕೂಸು. ಅಂದೇ ಎಲ್ಲರೂ ಸೇರಿ ಮಣ್ಣು ಹಾಕಿ, ಮಾಳಿಗೆಯ ಮೇಲೇ ಕೂತು ನಿಯಮಪತ್ರಕ್ಕೆ ಸಹಿ ಮಾಡುವುದು. ನೀನು ಏಣಿ ಹತ್ತುವುದು ಬೇಡ, ಕೆಳಗೆ ಕುರ್ಚಿ ಹಾಕಿಕೊಂಡು ಹುಕುಂ ನಡೆಸು.

ಮನೆ ಸುಣ್ಣ ಕಂಡು ಎಷ್ಟು ವರ್ಷವಾಯಿತು? ಅಲ್ಲಾಸಾಬನಿಗೆ ಹೇಳಿ ಒಂದು ಕೈ ಹೊಡೆಸು.

ಶ್ರೀಶೈಲ


ಕಮತಗಿ
೨೧ ಫೆಬ್ರವರಿ ೨೦೨೫

ತಮ್ಮ ಶ್ರೀಶೈಲ,

ಎರಡು ತಿಂಗಳಿಂದ ಈ ಪತ್ರ ಬರೆಯುತ್ತಿದ್ದೇನೆ, ಹರಿದು ಹಾಕುತ್ತಿದ್ದೇನೆ. ಅವರು ಬರುವುದನ್ನು ತಡೆ. ಬಂದರೆ ಕಾಲಿಡಲು ಮನೆಯಿಲ್ಲ.

ಹೋದ ಶ್ರಾವಣದಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿಯಿತು. ನಾಲ್ಕನೆಯ ದಿನ ಮುಂಜಾನೆ ಅಲ್ಲಾಸಾಬ ಬಸ್ಸು ಹಿಡಿದು ಕಮತಗಿಗೆ ಬಂದ. ಬಾಗಿಲಲ್ಲಿ ನಿಂತು ಎರಡು ಕೈಯನ್ನು ಮೇಲಿಂದ ಕೆಳಗೆ ಇಳಿಸಿ ತೋರಿಸಿದ. ನಾನು ಅವನ ಸಂಗಡ ಹೋದೆ. ಪಡಸಾಲೆಯ ದೊಡ್ಡ ತೊಲೆ ನಡುವೆ ಮುರಿದು, ಮಾಳಿಗೆಯೆಲ್ಲ ಒಳಗೆ ಕೂತಿತ್ತು. ಎದೆಮಟ್ಟ ಮಣ್ಣು. ಅದು ತೊಯ್ದು ಅಂಬಲಿಯ ಹಾಗೆ ಬಾಗಿಲಿಂದ ಹೊರಗೆ ಹರಿದಿತ್ತು. ಎರಡು ಖೋಲಿಯ ಗೋಡೆಯೂ ಬಿರಿದು ನಿಂತಿವೆ. ಒಳಗೆ ಯಾರೂ ಇರಲಿಲ್ಲ ಎಂದು ಅಲ್ಲಾಸಾಬ ಸಮಾಧಾನ ಹೇಳಿದ. ಯಾರೂ ಇರಲಿಲ್ಲ ಎಂದೇ ನಾನು ಅತ್ತದ್ದು.

ಇದು ಹೇಗಾಯಿತು ಎಂದು ನೀನು ಕೇಳುತ್ತೀ. ಮೂರು ವರ್ಷ ಅಲ್ಲಾಸಾಬ ಹೇಳುತ್ತಲೇ ಇದ್ದ, ನಾನು ನಿನಗೆ ಬರೆಯಲಿಲ್ಲ. ಹಳೇ ಮಣ್ಣು ಇಳಿಸದೆ ಹೊಸದು ಹಾಕುತ್ತ ಹೋದರೆ ತೊಲೆ ತಡೆಯುವುದಿಲ್ಲ ಅಂದ. ನಾನು ಅಪ್ಪನ ಕಟ್ಟಳೆ ಹೇಳಿದೆ, ನಿನ್ನ ನಿಯಮ ಓದಿದೆ. ಮೂಲೆ ಮೂಲೆ ಸೋರುತ್ತಿತ್ತು. ಅದಕ್ಕೇ ಕೌದಿ ಇಲ್ಲಿಗೆ ತಂದದ್ದು. ಸೋರುತ್ತದೆ ಎಂದು ಬರೆದರೆ ಹುಡುಗರ ಹುರುಪು ಇಳಿದೀತು, ಯಾರಾದರೂ ಮಾರೋಣ ಅಂದಾರು ಎಂದು ಹೆದರಿದೆ.

ಆ ದಿನ ಮಣ್ಣಿನ ಗುಡ್ಡೆಯ ಮೇಲೆ ನಿಂತು ಅಲ್ಲಾಸಾಬನನ್ನು ಕೇಳಿದೆ. ಅಪ್ಪನ ಕಾಲದಲ್ಲೂ ಹಾಕುತ್ತಿದ್ದೆವಲ್ಲ, ಆಗ ಯಾಕೆ ಬೀಳಲಿಲ್ಲ ಎಂದು. ಅವನು ನನಗೆ ತಿಳಿಯಲಿ ಎಂದು ಒಂದೊಂದೇ ಮಾತು ನಿಧಾನ ಹೇಳಿದ. "ಆವಾಗ ಮಂದಿ ಅಷ್ಟೂ ಮ್ಯಾಲ ಹತ್ತಿ ತುಳೀತಿದ್ರಿ. ತುಳದ ಮಣ್ಣು ನೀರು ಕುಡ್ಯಾಂಗಿಲ್ರಿ, ಜಾರಿಸಿ ಬಿಡತೈತಿ. ಈಗ ಬುಟ್ಟಿ ಇಪ್ಪತ್ತನಾಕು, ಕಾಲು ನಾಕು. ಸಡಲ ಮಣ್ಣು ಕುಡದು ಕುಡದು ಒಜ್ಜಿ ಆತ್ರಿ, ತೊಲಿ ತಡೀಲಿಲ್ರಿ."

ಅವರ ಹೆಸರು ಹೇಳಿ ಹೇಳಿ ನಾನೇ ಹೊರಿಸಿದೆ. ಅಪ್ಪನ ಮನೆಯನ್ನು ಕೆಡವಿದವಳು ನಾನು. ಎಲ್ಲರೂ ಬರುವ ವರ್ಷವೇ ಹೀಗಾಯಿತಲ್ಲ ಎಂದು ಎದೆ ಉರಿಯುತ್ತಿದೆ. ಅವರಿಗೆ ಏನು ಹೇಳುತ್ತೀಯೋ ಹೇಳು. ನನ್ನ ತಪ್ಪು ಎಂದೇ ಹೇಳು.

ನಿನ್ನ ಅಕ್ಕ


ನಾಗಪುರ
೨೨ ಫೆಬ್ರವರಿ ೨೦೨೫

ಅಕ್ಕ,

ನನ್ನ ಹಿಂದಿನ ಪತ್ರ ಸುಳ್ಳು. ಮೇ ಹನ್ನೊಂದಕ್ಕೆ ಯಾರೂ ಬರುವುದಿಲ್ಲ. ನೀನು ಸುಣ್ಣ ಹೊಡೆಸಲು ಸುರುಮಾಡುವ ಮೊದಲು ಇದು ಮುಟ್ಟಲಿ.

ನಿಯಮಪತ್ರ ಕಳಿಸಿ ಮೂರು ವರ್ಷವಾಗುತ್ತ ಬಂತು, ಒಬ್ಬರೂ ಉತ್ತರ ಬರೆದಿಲ್ಲ. ಗೌತಮ ಫೋನಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ್ದ. ಅದನ್ನೇ ನಾನು ಒಪ್ಪಿಗೆ ಎಂದು ನಿನಗೆ ಬರೆದೆ. ಅವರು ಕೆಟ್ಟವರಲ್ಲ. ಆ ಮನೆ ಅವರಿಗೆ ನೆನಪಿಲ್ಲ, ಅಷ್ಟೇ. ನೀನು ಮಾತ್ರ ಮನೆ ಗಟ್ಟಿಯಾಗಿದೆ, ಬುಟ್ಟಿ ಹಾಕಿದೆ ಎಂದು ಬರೆಯುತ್ತಿದ್ದೆ. ಅಷ್ಟು ಮಾಡಿದವಳಿಗೆ ಯಾರೂ ಬರುವುದಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ಇನ್ನೊಂದು. ಮಂಗಳವಾರ, ಶುಕ್ರವಾರದ ಕೆಲಸವೆಂದರೆ ದವಾಖಾನೆ. ಎರಡೂ ಮೂತ್ರಪಿಂಡ ಹೋಗಿವೆ. ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರುತ್ತೇನೆ. ನಾಲ್ಕು ತಾಸು ಅಲ್ಲಿ ಮಲಗಿದಾಗ ಮಾಡಲು ಬೇರೆ ಏನಿದೆ, ಆ ಹತ್ತು ವರ್ಷದ ಪಟ್ಟಿ ಮಾಡುತ್ತಿದ್ದೆ. ಅದರಲ್ಲಿ ನನ್ನ ಹೆಸರು ಎಲ್ಲೂ ಇಲ್ಲ, ನೀನು ನೋಡಲಿಲ್ಲ. ನನಗೆ ಊರು ಬೇಡವಾಗಿಲ್ಲ, ಅಕ್ಕ.

ಮನೆಯಾದರೂ ನಿಂತಿದೆ, ಅದೊಂದು ಸಮಾಧಾನ.

ಶ್ರೀಶೈಲ


ನಾಗಪುರ
೧೪ ಏಪ್ರಿಲ್ ೨೦೨೫

ಅಕ್ಕ,

ನಿನ್ನ ಪತ್ರ ನನ್ನದನ್ನು ದಾರಿಯಲ್ಲಿ ದಾಟಿ ಬಂತು. ಆರು ವಾರ ಉತ್ತರ ಬರೆಯಲಾಗಲಿಲ್ಲ. ತಪ್ಪು ನಿನ್ನದಲ್ಲ. ಏಳನೆಯ ನಿಯಮ ನನ್ನ ಕೈಯದು.

ಗೌತಮನಿಗೆ ವಿಷಯ ತಿಳಿಸಿದೆ. ಬಾದಾಮಿಯಲ್ಲಿ ಲಾಡ್ಜ್ ಕಟ್ಟುವವರೊಬ್ಬರು ಆ ಜಾಗ ಕೇಳುತ್ತಿದ್ದಾರಂತೆ. ಪ್ರವಾಸಕ್ಕೆ ಬಂದವರಿಗೆ ಇಳಿದುಕೊಳ್ಳಲು ಮೂರು ಅಂತಸ್ತು, ಸ್ಲ್ಯಾಬಿನದು. ನಾನು ಬೇಡ ಅನ್ನಲಿಲ್ಲ. ಏನೆಂದು ಬೇಡ ಅನ್ನಲಿ? ನಾನು ಪ್ರಯಾಣ ಮಾಡುವಂತಿಲ್ಲ, ಪ್ರಿಯದರ್ಶಿನಿಗೆ ಅಧಿಕಾರಪತ್ರ ಬರೆದುಕೊಟ್ಟಿದ್ದೇನೆ. ನೀನೂ ಸಹಿ ಮಾಡಿಬಿಡು. ಮಾಡಿದ ಮೇಲೆ ಹೇಗಾಯಿತು ಎಂದು ನನಗೆ ಬರೆ. ಏನನ್ನೂ ಮುಚ್ಚಿಡದೆ ಬರೆ.

ಶ್ರೀಶೈಲ


ಕಮತಗಿ
೧೮ ಜೂನ್ ೨೦೨೫

ತಮ್ಮ ಶ್ರೀಶೈಲ,

ಸೋಮವಾರ ಬಾದಾಮಿಯ ನೋಂದಣಿ ಕಚೇರಿಯಲ್ಲಿ ಸಹಿ ಆಯಿತು. ಮುಚ್ಚಿಡದೆ ಬರೆ ಅಂದೆಯಲ್ಲ, ಬರೆಯುತ್ತೇನೆ.

ಎಲ್ಲರೂ ಬಂದಿದ್ದರು. ಅಪ್ಪ ಎಲ್ಲರ ಹೆಸರು ಹಾಕಿಸಿದ್ದನಲ್ಲ, ಸಹಿ ಮಾಡುವವರು ಒಬ್ಬರೂ ತಪ್ಪಿಸುವಂತಿರಲಿಲ್ಲ. ಸಹಿ ಬೇಡದವರೂ ಬಂದರು. ಹೇಗೂ ಹೋಗುತ್ತೇವೆ, ಹುಡುಗರು ಗುಹೆ ನೋಡಿಲ್ಲ ಎಂದು ಸೊಸೆಯಂದಿರು, ಅಳಿಯಂದಿರು, ಮಕ್ಕಳು, ಒಟ್ಟು ನಾಲ್ಕು ಗಾಡಿ. ನೀನೂ ನಿನ್ನ ಹೆಂಡತಿಯೂ ಇರಲಿಲ್ಲ, ಅಷ್ಟೇ. ಹೊಸ ಸೊಸೆಯನ್ನು ನೋಡಿದೆ. ಒಳ್ಳೆಯ ಹುಡುಗಿ, ನನ್ನ ಕಾಲಿಗೆ ಬಿದ್ದಳು. ಗೌತಮ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಹುಡುಕಿದರೂ ಸಿಗಲಿಲ್ಲ.

ಖಾನಾವಳಿಯಲ್ಲಿ ಎಲ್ಲರೂ ಸಾಲಾಗಿ ಉಂಡರು. ಅವರ ಬಾಯಿ ನೋಡುತ್ತ ಕೂತೆ. ಎಷ್ಟು ಮಾತು, ಎಷ್ಟು ನಗು. ಪ್ರಿಯದರ್ಶಿನಿ ತನ್ನ ಫೋನಿನಲ್ಲಿ ದೊಡ್ಡ ಅಕ್ಷರ ಮಾಡಿ ನನಗೆ ತೋರಿಸಿದಳು. "ಅತ್ತಿ, ನಮ್ಮ ಮನಿ ಯಾವ ಕಡೆ ಐತಿ?" ನಾನು ಕೈ ಮಾಡಿ ತೋರಿಸಿದೆ. ಅವಳು ಆ ಕಡೆ ಸ್ವಲ್ಪ ಹೊತ್ತು ನೋಡಿದಳು. ಹೋಗೋಣವೇ ಎಂದು ಕೇಳಬೇಕೆನಿಸಿತು. ಏನು ತೋರಿಸಲಿ?

ಹೊರಡುವ ಮುಂಚೆ ಬನಶಂಕರಿ ಗುಡಿಗೆ ಹೋದೆವು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಒಳಗಿನ ಮೆಟ್ಟಿಲು ನನಗಾಗದು ಎಂದು ನಾನು ಚಪ್ಪಲಿ ಕಾಯುತ್ತ ಕಂಬಕ್ಕೊರಗಿ ಕೂತೆ. ಸುಮ್ಮನೆ ಕೂತವಳು ಎಣಿಸಿದೆ. ಹದಿನೇಳು ಜೊತೆ. ಎಲ್ಲಕ್ಕೂ ಸಣ್ಣದು ನಿನ್ನ ಮೊಮ್ಮಗಳದು, ಕೆಂಪನೆಯದು. ಹೆಜ್ಜೆಯಿಟ್ಟಾಗಲೆಲ್ಲ ಅದು ಪೀಂ ಅನ್ನುತ್ತದಂತೆ, ಹುಡುಗರು ನಗುತ್ತಿದ್ದರು. ಅಂಗೈಯ ಮೇಲಿಟ್ಟುಕೊಂಡು ಒತ್ತಿ ನೋಡಿದೆ. ನನಗೆ ಕೇಳಿಸಲಿಲ್ಲ. ಬಿದಿರಿನ ಬುಟ್ಟಿಯನ್ನು ಚೀಲದಲ್ಲಿ ಒಯ್ದಿದ್ದೆ, ಅವಳಿಗೆ ಕೊಟ್ಟೆ. ತಲೆಗೆ ಟೊಪ್ಪಿಗೆಯ ಹಾಗೆ ಹಾಕಿಕೊಂಡು ಗಾಡಿ ಹತ್ತಿದಳು.

ಅಲ್ಲಾಸಾಬ ಆ ಮಣ್ಣನ್ನು ಹೊಲಕ್ಕೆ ಬೇಕಾದವರಿಗೆ ಒಯ್ಯಲು ಹೇಳಿದ್ದಾನೆ. ಅರ್ಧ ಖಾಲಿಯಾಗಿದೆ.

ನಿನ್ನ ಮಂಗಳವಾರ, ಶುಕ್ರವಾರ ಹೇಗೆ ಹೋಗುತ್ತಿವೆ, ಬರೆ. ನನಗೆ ಆ ಹದಿನೇಳು ಜೊತೆ ಚಪ್ಪಲಿ ಕಣ್ಣ ಮುಂದಿಂದ ಹೋಗುತ್ತಿಲ್ಲ. ಅಷ್ಟು ಕಾಲು ವರ್ಷಕ್ಕೆ ಒಂದು ಮುಂಜಾನೆ ಬಂದಿದ್ದರೆ ಸಾಕಿತ್ತು, ಶ್ರೀಶೈಲ.

ನಿನ್ನ ಅಕ್ಕ